ಲಿಯೋ ಕಾಟ್ಕಿ

ಲಿಯೋ ಕಾಟ್ಕಿ (ಜನನ: 1945ರ ಸೆಪ್ಟೆಂಬರ್ 11) ಅಮೆರಿಕ ಸಂಯುಕ್ತ ಸಂಸ್ಥಾನದ ಗಿಟಾರ್ ವಾದಕರು ಮತ್ತು ಸ್ವರಸಂಯೋಜಕರು. ಹಾಡುಗಾರರೂ ಹೌದು. ಆರು ತಂತಿಯ ಮತ್ತು ಹನ್ನೆರಡು ತಂತಿಯ ಅಕೌಸ್ಟಿಕ್ ಗಿಟಾರುಗಳನ್ನು ಬೆರಳುಗಳಿಂದ ಮೀಟಿ ನುಡಿಸುವ ಶೈಲಿಯಲ್ಲಿ ಅವರದು ಅಗ್ರಗಣ್ಯ ಹೆಸರು. ಪಕ್ಕವಾದ್ಯಗಳಿಲ್ಲದೆ ವೇದಿಕೆಯಲ್ಲಿ ಒಬ್ಬರೇ ಕುಳಿತು ನಡೆಸುವ ಕಛೇರಿಯೇ ಅರ್ಧ ಶತಮಾನಕ್ಕೂ ಮಿಕ್ಕಿ ಅವರ ಮುಖ್ಯ ವೃತ್ತಿಯಾಗಿದೆ. ಬ್ಲೂಸ್, ಜಾನಪದ, ಕಂಟ್ರಿ, ಜಾಝ್, ರಾಕ್ ಗೀತೆ, ಬಾಖ್‌ನ ಕೃತಿ ಇವೆಲ್ಲವೂ ಅವರ ಒಂದೇ ಸಂಜೆಯ ಕಛೇರಿಯಲ್ಲಿ ಅಕ್ಕಪಕ್ಕ ಬರುವುದುಂಟು. ಆದ್ದರಿಂದ ಅವರನ್ನು ಯಾವುದಾದರೊಂದು ಪ್ರಕಾರಕ್ಕೆ ಸೇರಿಸುವುದು ಸಂಗೀತದಂಗಡಿಯವರಿಗೂ ವಿಮರ್ಶಕರಿಗೂ ಸಮಾನವಾಗಿ ಕಷ್ಟವಾಗಿದೆ.

ಕಾಟ್ಕಿಯವರ ವೃತ್ತಿಜೀವನವನ್ನು ಧ್ವನಿಮುದ್ರಿಕೆಗಳ ಪಟ್ಟಿಯಿಂದ ಮಾತ್ರ ಅರ್ಥಮಾಡಿಕೊಳ್ಳಲಾಗದು. ಕಿವಿ ಮತ್ತು ಕೈ, ಸಂಗೀತಗಾರನಿಗೆ ಅತ್ಯವಶ್ಯವಾದ ಈ ಎರಡು ಅಂಗಗಳೂ ಅವರಿಗೆ ಬೇರೆ ಬೇರೆ ಕಾಲದಲ್ಲಿ ತೊಂದರೆ ಕೊಟ್ಟವು. ಎರಡನೆಯ ತೊಂದರೆಯಿಂದ ಅವರ ವಾದನಕ್ರಮವೇ ಬದಲಾಯಿತು.

ಬಾಲ್ಯ ಮತ್ತು ಶ್ರವಣದೋಷ

ಕಾಟ್ಕಿ ಜನಿಸಿದ್ದು ಜಾರ್ಜಿಯ ರಾಜ್ಯದ ಅಥೆನ್ಸ್ ಪಟ್ಟಣದಲ್ಲಿ. ಕುಟುಂಬವು ಊರಿಂದೂರಿಗೆ ವಾಸ ಬದಲಿಸುತ್ತಿದ್ದುದರಿಂದ ಅವರು ಹನ್ನೆರಡು ರಾಜ್ಯಗಳಲ್ಲಿ ಬೆಳೆದರು. ಮೊದಲು ಕೈಗೆತ್ತಿಕೊಂಡ ವಾದ್ಯಗಳು ಪಿಟೀಲು ಮತ್ತು ಟ್ರಾಂಬೋನ್. ಹನ್ನೊಂದನೆಯ ವಯಸ್ಸಿನಲ್ಲಿ ಗಿಟಾರ್ ಹಿಡಿದ ಮೇಲೆ ಅವೆರಡೂ ಹಿಂದೆ ಸರಿದವು. ಮಿಸಿಸಿಪಿಯ ಬ್ಲೂಸ್ ಗಾಯಕ ಮಿಸಿಸಿಪಿ ಜಾನ್ ಹರ್ಟ್ ಅವರ ಮೃದುವಾದ, ಲಯಬದ್ಧವಾದ ಮೀಟುಗಾರಿಕೆಯು ಕಾಟ್ಕಿಯವರ ಮೇಲೆ ಗಾಢವಾದ ಪ್ರಭಾವ ಬೀರಿತು.

ಪಟಾಕಿಯೊಂದು ಸಿಡಿದ ಅಪಘಾತದಲ್ಲಿ ಎಡಗಿವಿಯ ಶ್ರವಣಶಕ್ತಿ ಶಾಶ್ವತವಾಗಿ ಕುಂದಿತು. ಮುಂದೆ ನೌಕಾದಳದ ಮೀಸಲು ಪಡೆಯನ್ನು ಸೇರಿ, ಹಾಫ್‌ಬೀಕ್ ಎಂಬ ಡೀಸೆಲ್ ಜಲಾಂತರ್ಗಾಮಿಯಲ್ಲಿ ಸೇವೆ ಸಲ್ಲಿಸುತ್ತಿದ್ದಾಗ, ಗುಂಡು ಹಾರಿಸುವ ಅಭ್ಯಾಸದ ಸದ್ದಿನಿಂದ ಬಲಗಿವಿಗೂ ಪೆಟ್ಟಾಯಿತು. ಈ ಕಾರಣದಿಂದಲೇ ಅವರಿಗೆ ಸೇವೆಯಿಂದ ಬಿಡುಗಡೆ ದೊರೆಯಿತು. ಕಾಲೇಜು ವ್ಯಾಸಂಗವೂ ಪೂರ್ಣವಾಗಲಿಲ್ಲ. ಸಿಕ್ಕಿದ ವಾಹನಗಳಲ್ಲಿ ಊರೂರು ಅಲೆದು ಕೊನೆಗೆ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳಲ್ಲಿ ನೆಲೆನಿಂತರು. ಹುಟ್ಟಿನಿಂದ ದಕ್ಷಿಣದವರಾದರೂ ಅಂದಿನಿಂದ ಅವರನ್ನು ಮಿನೆಸೋಟದ ಕಲಾವಿದರೆಂದೇ ಜನ ಗುರುತಿಸುತ್ತಾರೆ.

ಮೊದಲ ಮುದ್ರಿಕೆಗಳು

ಮಿನಿಯಾಪೊಲಿಸ್‌ನ ಸ್ಕಾಲರ್ ಕಾಫಿಹೌಸ್ ಎಂಬ ಪುಟ್ಟ ಕಾಫಿಗೃಹವು ಕಾಟ್ಕಿಯವರ ಆರಂಭದ ವೇದಿಕೆ. ಅವರ ಮೊದಲ ಆಲ್ಬಂ 'ಟ್ವೆಲ್ವ್ ಸ್ಟ್ರಿಂಗ್ ಬ್ಲೂಸ್' (1969) ಅಲ್ಲಿನ ಕಾರ್ಯಕ್ರಮದ್ದೇ ಮುದ್ರಣ. ಅಬ್ಲಿವಿಯನ್ ಎಂಬ ಸಣ್ಣ ಸಂಸ್ಥೆ ಇದರ ಸಾವಿರ ಪ್ರತಿಗಳನ್ನು ಹೊರತಂದಿತು. ಹೀಗೆ ಅವರ ಮೊದಲ ಮುದ್ರಿಕೆ ಸಿದ್ಧವಾದದ್ದು ಸ್ಟುಡಿಯೋದಲ್ಲಲ್ಲ, ಕೇಳುಗರ ಎದುರಿನಲ್ಲಿ.

ಗಿಟಾರ್ ವಾದಕ ಜಾನ್ ಫಾಹಿ 1959ರಲ್ಲಿ ಸ್ಥಾಪಿಸಿದ್ದ ಟಕೋಮ ಎಂಬ ಸ್ವತಂತ್ರ ಸಂಸ್ಥೆಗೆ ಕಾಟ್ಕಿ ತಮ್ಮ ವಾದನದ ಟೇಪನ್ನು ಕಳುಹಿಸಿದರು. ಹಾಡಿನ ಜೊತೆಗೆ ಮಾತ್ರ ನುಡಿಯುತ್ತಿದ್ದ ಲೋಹತಂತಿಯ ಗಿಟಾರನ್ನು ಏಕವಾದ್ಯ ಕಛೇರಿಯ ಸ್ಥಾನಕ್ಕೆ ಏರಿಸಿದವರಲ್ಲಿ ಫಾಹಿ ಪ್ರಮುಖರು. ಅವರು ಈ ತರುಣನ ಸಾಮರ್ಥ್ಯವನ್ನು ಕೂಡಲೇ ಗುರುತಿಸಿದರು. 1969ರಲ್ಲಿ ಟಕೋಮ ಹೊರತಂದ 'ಸಿಕ್ಸ್ ಅಂಡ್ ಟ್ವೆಲ್ವ್ ಸ್ಟ್ರಿಂಗ್ ಗಿಟಾರ್' ಆಲ್ಬಂ ಕಾಟ್ಕಿಯವರ ಕೀರ್ತಿಗೆ ಅಡಿಗಲ್ಲಾಯಿತು. ಹೊದಿಕೆಯ ಮೇಲೆ ಆರ್ಮಡಿಲೊ ಎಂಬ ಚಿಪ್ಪುಳ್ಳ ಪ್ರಾಣಿಯ ಚಿತ್ರವಿರುವುದರಿಂದ ಅಭಿಮಾನಿಗಳು ಇದನ್ನು 'ಆರ್ಮಡಿಲೊ ಮುದ್ರಿಕೆ' ಎಂದೇ ಕರೆಯುತ್ತಾರೆ. ಇದರಲ್ಲಿ ಹಾಡಿಲ್ಲ, ಬೇರೆ ವಾದ್ಯವಿಲ್ಲ. ಒಬ್ಬ ಮನುಷ್ಯ, ಒಂದು ಗಿಟಾರ್, ಹದಿನಾಲ್ಕು ಕೃತಿಗಳು, ಅಷ್ಟೇ. ಕೆಲವೇ ಗಂಟೆಗಳಲ್ಲಿ ಮುದ್ರಿಸಿ ಮುಗಿಸಿದ ಈ ಆಲ್ಬಂ ಕಾಲಾಂತರದಲ್ಲಿ ಐದು ಲಕ್ಷಕ್ಕೂ ಹೆಚ್ಚು ಪ್ರತಿಗಳ ಮಾರಾಟ ಕಂಡಿತು.

ಮೊದಲ ಕೃತಿ 'ದ ಡ್ರೈವಿಂಗ್ ಆಫ್ ದ ಇಯರ್ ನೇಲ್' ಕೇಳಿದವರಿಗೆ ಇಬ್ಬರೋ ಮೂವರೋ ಒಟ್ಟಿಗೆ ನುಡಿಸುತ್ತಿರುವಂತೆ ಭಾಸವಾಗುವುದು ಸಹಜ. 'ವ್ಯಾಸಲೀನ್ ಮಷಿನ್ ಗನ್' ಎಂಬ ವಿಚಿತ್ರ ಹೆಸರಿನ ಕೃತಿಯಲ್ಲಿ ತಂತಿಯ ಮೇಲೆ ನಳಿಗೆ ಜಾರಿಸುವ ಸ್ಲೈಡ್ ವಿಧಾನವಿದೆ. ಕಡಲ ದಂಡೆಯಲ್ಲಿ ಮಲಗಿದ್ದವನು ಮಟಮಟ ಮಧ್ಯಾಹ್ನ ಎಚ್ಚೆತ್ತಾಗ ಸುತ್ತಲೂ ವಾಲಿಬಾಲ್ ಆಟ ನಡೆಯುತ್ತಿತ್ತೆಂಬ, ತಾನು ಮಾತ್ರ ಮಲಗುವ ಚೀಲದೊಳಗೆ ಬರಿಮೈಯಲ್ಲಿದ್ದೆನೆಂಬ ಪ್ರಸಂಗವನ್ನು ಆಲ್ಬಂನ ಟಿಪ್ಪಣಿಯಲ್ಲಿ ಈ ಕೃತಿಗೆ ಜೋಡಿಸಿದ್ದಾರೆ. ಇವುಗಳ ನಡುವೆಯೇ ಬಾಖ್‌ನ 'ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್' ಎಂಬ ಭಕ್ತಿಸಂಗೀತವೂ ಇದೆ. ಅದೇ ಟಿಪ್ಪಣಿಯಲ್ಲಿ, ತಾವು ಏಕೆ ಹಾಡಿಲ್ಲವೆಂಬುದಕ್ಕೆ ಕಾರಣವಾಗಿ, ತಮ್ಮ ಕಂಠವನ್ನು ಸೆಕೆಯ ದಿನದಂದು ಬಾತುಗಳು ಬಿಡುವ ಅಪಾನವಾಯುವಿನ ಸದ್ದಿಗೆ ಹೋಲಿಸಿಕೊಂಡಿದ್ದಾರೆ. ಈ ಹೋಲಿಕೆ ಇಂದಿಗೂ ಅವರ ಬೆನ್ನು ಬಿಟ್ಟಿಲ್ಲ. ವಾಸ್ತವವಾಗಿ ಅವರದು ಆಳವಾದ, ಗಂಭೀರವಾದ ಮಂದ್ರಕಂಠ.

ಹನ್ನೆರಡು ತಂತಿಯ ಗಿಟಾರ್ ಮತ್ತು ವಾದನಶೈಲಿ

ಕಾಟ್ಕಿಯವರ ನಾದದ ವೈಶಿಷ್ಟ್ಯವನ್ನು ತಿಳಿಯಲು ಅವರ ವಾದ್ಯದ ರಚನೆಯನ್ನು ಸ್ವಲ್ಪ ತಿಳಿಯಬೇಕು. ಸಾಮಾನ್ಯ ಗಿಟಾರಿಗೆ ಆರು ತಂತಿಗಳು. ಹನ್ನೆರಡು ತಂತಿಯ ಗಿಟಾರಿನಲ್ಲಿ ಆ ಒಂದೊಂದು ತಂತಿಯ ಪಕ್ಕದಲ್ಲೂ ಇನ್ನೊಂದು ತಂತಿ ಇದ್ದು ಆರು ಜೋಡಿಗಳಾಗುತ್ತವೆ. ಕೆಳಸ್ವರಗಳ ನಾಲ್ಕು ಜೋಡಿಗಳಲ್ಲಿ ಎರಡನೆಯ ತಂತಿಯನ್ನು ಒಂದು ಸ್ಥಾಯಿ ಮೇಲಕ್ಕೆ ಶ್ರುತಿ ಮಾಡಿರುತ್ತಾರೆ. ಉಳಿದ ಎರಡು ಜೋಡಿಗಳಲ್ಲಿ ಎರಡೂ ತಂತಿಗಳಿಗೆ ಒಂದೇ ಸ್ವರ. ಜೋಡಿಯ ಎರಡೂ ತಂತಿಗಳನ್ನು ಒಟ್ಟಿಗೆ ಒತ್ತಿ ಒಟ್ಟಿಗೆ ಮೀಟಬೇಕು. ಇದರಿಂದ ನಾದಕ್ಕೆ ಘಂಟೆಯಂಥ ಅನುರಣನ ಬರುತ್ತದೆ. ಅಮೆರಿಕದ ಜಾನಪದ ಸಂಗೀತದಲ್ಲಿ ಲೆಡ್ ಬೆಲ್ಲಿ ಮತ್ತು ಪೀಟ್ ಸೀಗರ್ ಈ ವಾದ್ಯಕ್ಕೆ ಹೆಸರು ತಂದಿದ್ದರು. ಆದರೆ ಅವರಲ್ಲಿ ಅದು ಹಾಡಿನ ಜೊತೆಗಾರನಾಗಿತ್ತು. ಕಾಟ್ಕಿ ಅದಕ್ಕೆ ಮುಖ್ಯವಾದ್ಯದ ಪಟ್ಟ ಕಟ್ಟಿದರು.

ಹನ್ನೆರಡು ತಂತಿಗಳ ಬಿಗಿತವನ್ನು ಮರದ ಒಡಲು ತಾಳಿಕೊಳ್ಳುವುದು ಸುಲಭವಲ್ಲ. ಕಾಟ್ಕಿ ದಪ್ಪ ತಂತಿಗಳನ್ನು ಕಟ್ಟಿ, ರೂಢಿಯ ಶ್ರುತಿಗಿಂತ ಸುಮಾರು ಮೂರು ಸ್ವರಸ್ಥಾನಗಳಷ್ಟು ಕೆಳಕ್ಕೆ ಇಳಿಸಿಕೊಳ್ಳುತ್ತಾರೆ. ಇದರಿಂದ ಬಿಗಿತ ತಗ್ಗುತ್ತದೆ, ನಾದ ತುಂಬುತ್ತದೆ, ಮಂದ್ರಸ್ವರಗಳಿಗೆ ಗುಡುಗಿನ ಗಾಂಭೀರ್ಯ ಬರುತ್ತದೆ. 1990ರಲ್ಲಿ ಕ್ಯಾಲಿಫೋರ್ನಿಯದ ಟೇಲರ್ ಸಂಸ್ಥೆಯು ಇದೇ ತಗ್ಗು ಶ್ರುತಿಗೆ ಹೊಂದುವ ಹನ್ನೆರಡು ತಂತಿಯ ಗಿಟಾರೊಂದನ್ನು ಅವರ ಹೆಸರಿನಲ್ಲಿ ತಯಾರಿಸಿತು. ಅದಕ್ಕೆ ಮೊದಲು, 1970ರ ದಶಕದಲ್ಲಿ, ಬೋಜೊ ಪೊದುನಾವಾತ್ಸ್ ಎಂಬ ಕುಶಲಕರ್ಮಿ ಕೈಯಿಂದ ರೂಪಿಸಿದ ಗಿಟಾರುಗಳನ್ನು ಅವರು ಬಳಸುತ್ತಿದ್ದರು.

ಅವರ ಆರಂಭಕಾಲದ ಅನೇಕ ಕೃತಿಗಳು ಮುಕ್ತ ಶ್ರುತಿಯಲ್ಲಿವೆ. ಎಡಗೈ ಸೋಕಿಸದೆ ಎಲ್ಲ ತಂತಿಗಳನ್ನೂ ಎಳೆದರೆ ಒಂದು ಪೂರ್ಣ ಸ್ವರಮೇಳವೇ ಹೊಮ್ಮುವಂತೆ ತಂತಿಗಳನ್ನು ಅಣಿಗೊಳಿಸುವುದಕ್ಕೆ ಈ ಹೆಸರು. ಸ್ಲೈಡ್ ವಾದನಕ್ಕೆ ಇದು ಬಹಳ ಅನುಕೂಲ. ನಮ್ಮ ಚಿತ್ರವೀಣೆಯನ್ನು ಕೇಳಿರುವವರಿಗೆ, ತಂತಿಯ ಮೇಲೆ ಜಾರುವ ಗಟ್ಟಿ ವಸ್ತುವಿನಿಂದ ಸ್ವರಗಳು ಒಂದರೊಳಗೊಂದು ಕರಗುವ ಈ ಬಗೆ ಅಪರಿಚಿತವೆನಿಸದು. ಗಮಕದ ಸೂಕ್ಷ್ಮ ಇಲ್ಲಿ ಇಲ್ಲ, ಆದರೆ ವೇಗವೂ ಕೆಚ್ಚೂ ಇವೆ.

ಬಲಗೈಯಲ್ಲಿ ಕೆಲಸ ಹಂಚಿಹೋಗಿರುತ್ತದೆ. ಹೆಬ್ಬೆರಳು ಮಂದ್ರತಂತಿಗಳ ಮೇಲೆ ಎಡೆಬಿಡದೆ ಲಯವನ್ನು ಕಾಯುತ್ತದೆ. ಉಳಿದ ಬೆರಳುಗಳು ಮೇಲಿನ ತಂತಿಗಳಲ್ಲಿ ರಾಗದ ಎಳೆಯನ್ನು ನುಡಿಸುತ್ತವೆ. ಜಾನ್ ಹರ್ಟ್ ಮುಂತಾದ ಬ್ಲೂಸ್ ವಾದಕರಿಂದ ಬಂದ ಕ್ರಮ ಇದು. ಕಾಟ್ಕಿ ಇದಕ್ಕೆ ತಂದದ್ದು ಅಸಾಧಾರಣ ವೇಗ ಮತ್ತು ಅನಿರೀಕ್ಷಿತ ಪಲ್ಲಟ. ಸುಗಮವಾಗಿ ಸಾಗುತ್ತಿದ್ದ ಲಯವು ನಡುವೆ ಒಂದು ಮಾತ್ರೆ ತಪ್ಪಿದಂತೆ ತೋರಿ ಮರುಕ್ಷಣವೇ ಸರಿಯಾದ ಜಾಗದಲ್ಲಿ ಬಂದು ಕೂರುತ್ತದೆ.

ಕ್ಯಾಪಿಟಲ್ ಸಂಸ್ಥೆಯ ವರ್ಷಗಳು

1971ರಲ್ಲಿ 'ಮಡ್‌ಲಾರ್ಕ್' ಆಲ್ಬಂ ಮೂಲಕ ಕಾಟ್ಕಿ ಕ್ಯಾಪಿಟಲ್ ಎಂಬ ದೊಡ್ಡ ಸಂಸ್ಥೆಗೆ ಬಂದರು. ಸ್ವಂತ ಗೀತೆಗಳನ್ನು ಹಾಡುವ ಗಾಯಕರ ಜನಪ್ರಿಯತೆ ಉತ್ತುಂಗದಲ್ಲಿದ್ದ ಕಾಲ ಅದು. ಸಂಸ್ಥೆಗೆ ಹಾಡು ಬೇಕಿತ್ತು, ಕಾಟ್ಕಿಯವರ ಒಲವು ವಾದನದ ಕಡೆಗಿತ್ತು. ಫಲವಾಗಿ ಈ ಅವಧಿಯ ಮುದ್ರಿಕೆಗಳಲ್ಲಿ ಎರಡೂ ಬೆರೆತಿವೆ. ಬರ್ಡ್ಸ್ ತಂಡದ 'ಏಟ್ ಮೈಲ್ಸ್ ಹೈ', ಪಾಲ್ ಸೀಬೆಲ್ ಅವರ 'ಲೂಯೀಸ್', ಟಾಮ್ ಟಿ. ಹಾಲ್ ಅವರ 'ಪಮೇಲ ಬ್ರೌನ್' ಮೊದಲಾದ ಪರಕೃತಿಗಳನ್ನು ಅವರು ಹಾಡಿದರು. ತಾವೇ ಹಳಿದುಕೊಂಡ ಕಂಠಕ್ಕೆ ಹೀಗೆ ಪ್ರತ್ಯೇಕ ಅಭಿಮಾನಿಗಳು ದೊರೆತರು.

'ಗ್ರೀನ್‌ಹೌಸ್' (1972), 'ಐಸ್ ವಾಟರ್' (1973), 'ಡ್ರೀಮ್ಸ್ ಅಂಡ್ ಆಲ್ ದಟ್ ಸ್ಟಫ್' (1974), 'ಚೂಯಿಂಗ್ ಪೈನ್' (1975) ಈ ಕಾಲದ ಇತರ ಆಲ್ಬಂಗಳು. ಇವುಗಳ ನಡುವೆ ಬಂದ 'ಮೈ ಫೀಟ್ ಆರ್ ಸ್ಮೈಲಿಂಗ್' (1973) ಮಾತ್ರ ವಿಶೇಷ ಗಮನಕ್ಕೆ ಅರ್ಹ. 1972ರ ಡಿಸೆಂಬರಿನಲ್ಲಿ ಮಿನಿಯಾಪೊಲಿಸ್‌ನ ಗತ್ರಿ ರಂಗಮಂದಿರದಲ್ಲಿ ನಡೆದ ಕಛೇರಿಯ ಮುದ್ರಣವಿದು. ಸ್ಟುಡಿಯೋದಲ್ಲಿ ಡ್ರಮ್ಸ್, ಬೇಸ್ ಸೇರಿಸಿ ತುಂಬಿಸಿದ ಕೃತಿಗಳಿಗಿಂತ, ತುಂಬಿದ ಸಭೆಯ ಮುಂದೆ ಒಂಟಿ ಗಿಟಾರಿನಲ್ಲಿ ನುಡಿಸಿದ ಇಲ್ಲಿನ ಕೃತಿಗಳೇ ಹೆಚ್ಚು ತುಂಬಿಕೊಂಡಂತೆ ಕೇಳುತ್ತವೆ. ಕಾಟ್ಕಿಯವರನ್ನು ಹೊಸದಾಗಿ ಕೇಳುವ ವಿದ್ಯಾರ್ಥಿಗಳು ಆರ್ಮಡಿಲೊ ಮುದ್ರಿಕೆಯನ್ನೂ ಇದನ್ನೂ ಒಟ್ಟಿಗೆ ಇಟ್ಟುಕೊಂಡು ಆರಂಭಿಸುವುದು ಉಚಿತ.

1976ರಿಂದ ಅವರ ಮುದ್ರಿಕೆಗಳನ್ನು ಕ್ರಿಸಲಿಸ್ ಸಂಸ್ಥೆ ಪ್ರಕಟಿಸಿತು. ಟೆರೆನ್ಸ್ ಮಾಲಿಕ್ ನಿರ್ದೇಶನದ 'ಡೇಸ್ ಆಫ್ ಹೆವನ್' (1978) ಚಲನಚಿತ್ರದ ಮುಖ್ಯ ಸಂಗೀತ ಎನ್ನಿಯೊ ಮೊರಿಕೋನೆ ಅವರದಾದರೂ ಕಾಟ್ಕಿಯವರ ಗಿಟಾರ್ ಅದರಲ್ಲಿ ಕೇಳಿಬರುತ್ತದೆ.

ಬಲಗೈಯ ನೋವು ಮತ್ತು ಮರುಕಲಿಕೆ

ಆರಂಭದಿಂದಲೂ ಕಾಟ್ಕಿ ಬಲಗೈಯ ಬೆರಳುಗಳಿಗೆ ಲೋಹದ ಮತ್ತು ಪ್ಲಾಸ್ಟಿಕ್ಕಿನ ಮೀಟುಗಗಳನ್ನು ತೊಟ್ಟು ನುಡಿಸುತ್ತಿದ್ದರು. ಸಿತಾರಿನ ಮಿಜ್ರಾಬನ್ನು ನೋಡಿದವರು ಇದನ್ನು ಊಹಿಸಿಕೊಳ್ಳಬಹುದು. ದಪ್ಪ ತಂತಿ, ಜೋಡಿ ತಂತಿ, ಮಿಂಚಿನ ವೇಗ, ವರ್ಷದುದ್ದಕ್ಕೂ ಕಛೇರಿ ಇವೆಲ್ಲದರ ಭಾರ ಬಿದ್ದದ್ದು ಮಣಿಕಟ್ಟಿನ ಮೇಲೆ. 1980ರ ದಶಕದ ಆರಂಭದ ಹೊತ್ತಿಗೆ ಟೆಂಡನೈಟಿಸ್, ಅಂದರೆ ಸ್ನಾಯುರಜ್ಜುಗಳ ಉರಿಯೂತ, ಅವರನ್ನು ತೀವ್ರವಾಗಿ ಬಾಧಿಸತೊಡಗಿತು. ವಾದಕರ ಪಾಲಿಗೆ ಇದು ಸಾಮಾನ್ಯ ಕಾಯಿಲೆಯಲ್ಲ. ನೋವನ್ನು ಲೆಕ್ಕಿಸದೆ ನುಡಿಸುತ್ತ ಹೋದರೆ ಕೈಯನ್ನೇ ಕಳೆದುಕೊಳ್ಳುವ ಅಪಾಯವುಂಟು.

ಕಾಟ್ಕಿ ಆರಿಸಿಕೊಂಡದ್ದು ಕಠಿಣವಾದ ಹಾದಿ. ಹೆಸರು ತಂದುಕೊಟ್ಟ ವಿಧಾನವನ್ನೇ ತೊರೆದು, ಮೀಟುಗಗಳನ್ನು ಕಳಚಿಟ್ಟು, ಬೆರಳ ತುದಿ ಮತ್ತು ಉಗುರಿನಿಂದ ಮೀಟುವ, ಶಾಸ್ತ್ರೀಯ ಗಿಟಾರ್ ವಾದಕರ ಕೈನಿಲುವಿಗೆ ಹತ್ತಿರವಾದ ಕ್ರಮವನ್ನು ಅವರು ರೂಢಿಸಿಕೊಂಡರು. ಕೈ ಇಟ್ಟುಕೊಳ್ಳುವ ಕೋನ, ಬೆರಳು ತಂತಿಯನ್ನು ತಾಗುವ ಜಾಗ, ಬಳಸುವ ಬಲ ಎಲ್ಲವೂ ಬದಲಾಗಬೇಕಾಯಿತು. ಮೂವತ್ತೈದು ದಾಟಿದ, ದೇಶವಿದೇಶಗಳಲ್ಲಿ ಹೆಸರಾದ ಕಲಾವಿದ ಮತ್ತೆ ವಿದ್ಯಾರ್ಥಿಯಾದಂತಾಯಿತು. ಬರವಣಿಗೆಯಲ್ಲಿ ಬಲಗೈ ಬಿಟ್ಟು ಎಡಗೈಗೆ ಹೊರಳಿದವರಿಗೆ ಈ ಶ್ರಮ ಎಂಥದೆಂದು ಗೊತ್ತಾಗಬಹುದು.

ಇದರ ಫಲ ನಾದದಲ್ಲಿಯೇ ಕೇಳುತ್ತದೆ. ಲೋಹದ ಮೀಟುಗ ಕೊಡುವುದು ಚುರುಕಾದ, ಹರಿತವಾದ ಸ್ವರ. ಉಗುರು ಮತ್ತು ಚರ್ಮ ಕೊಡುವುದು ದುಂಡನೆಯ, ಬೆಚ್ಚನೆಯ ಸ್ವರ. ವೈಣಿಕರಲ್ಲೂ ಬರಿಯ ಉಗುರಿನಿಂದ ಮೀಟುವವರು ಮತ್ತು ಲೋಹದ ನಖಿ ತೊಡುವವರು ಎಂಬ ಎರಡು ಪಂಗಡಗಳಿದ್ದು, ಎರಡರ ನಾದಭೇದ ರಸಿಕರಿಗೆ ಪರಿಚಿತ. ಕಾಟ್ಕಿಯವರ ಹಿಂದಿನ ಬಿರುಸು ತಗ್ಗಿತು. ಅದರ ಜಾಗದಲ್ಲಿ ಸ್ವರಮೇಳಗಳ ಸೂಕ್ಷ್ಮ ಛಾಯೆಗಳೂ ಸ್ವರಗಳ ನಡುವಿನ ಮೌನವೂ ಬಂದವು. ಟ್ಯಾಂಜರೀನ್ ಡ್ರೀಮ್ ತಂಡದಲ್ಲಿದ್ದ ಪೀಟರ್ ಬೌಮನ್ ಸ್ಥಾಪಿಸಿದ ಪ್ರೈವೇಟ್ ಮ್ಯೂಸಿಕ್ ಸಂಸ್ಥೆ 1986ರಲ್ಲಿ ಹೊರತಂದ 'ಎ ಶೌಟ್ ಟುವರ್ಡ್ ನೂನ್' ಈ ಹೊಸ ಕೈಬಳಕದ ಮೊದಲ ಮುಖ್ಯ ದಾಖಲೆ. ಹಳೆಯ ವೇಗವನ್ನೇ ಬಯಸುವ ಅಭಿಮಾನಿಗಳಿಗೆ ಈ ಮುದ್ರಿಕೆ ತೀರ ಶಾಂತವೆನಿಸಬಹುದು. ಆದರೆ ವಾದ್ಯದ ನಾದಸೌಂದರ್ಯದ ದೃಷ್ಟಿಯಿಂದ ಇದನ್ನು ಹಿನ್ನಡೆ ಎನ್ನಲಾಗದು.

ಕಛೇರಿಗಳು

ಕಾಟ್ಕಿಯವರ ಕಛೇರಿಯ ಸಿದ್ಧತೆ ಅತ್ಯಂತ ಸರಳ. ಒಂದು ಕುರ್ಚಿ, ಒಂದು ಆರು ತಂತಿಯ ಗಿಟಾರ್, ಒಂದು ಹನ್ನೆರಡು ತಂತಿಯ ಗಿಟಾರ್. ಏನೇನು ನುಡಿಸಬೇಕೆಂಬ ಪಟ್ಟಿಯನ್ನು ಮುಂಚಿತವಾಗಿ ಬರೆದುಕೊಳ್ಳುವ ಅಭ್ಯಾಸ ಅವರಿಗಿಲ್ಲ. ಒಂದು ಕೃತಿ ಮುಗಿದ ಮೇಲೆ ಮನಸ್ಸಿಗೆ ಬಂದದ್ದು ಮುಂದಿನ ಕೃತಿ. ಹಾಗಾಗಿ ಒಂದೇ ಊರಿನ ಎರಡು ರಾತ್ರಿಯ ಕಾರ್ಯಕ್ರಮಗಳೂ ಒಂದೇ ರೀತಿ ಇರುವುದಿಲ್ಲ.

ಈ ಕಛೇರಿಗಳ ಇನ್ನೊಂದು ಆಕರ್ಷಣೆ ಮಾತು. ಹನ್ನೆರಡು ತಂತಿಯ ಗಿಟಾರಿಗೆ ಪದೇ ಪದೇ ಶ್ರುತಿ ಮಾಡಬೇಕಾಗುತ್ತದೆ. ಸಭೆಯನ್ನು ಆ ಹೊತ್ತಿನಲ್ಲಿ ಸುಮ್ಮನೆ ಕೂರಿಸುವಂತಿಲ್ಲ. ಕಾಟ್ಕಿ ಗಿಟಾರಿನ ಕಡೆ ಮುಖಮಾಡಿಕೊಂಡೇ ಏನೋ ಒಂದು ಸಂಗತಿಯನ್ನು ಹೇಳತೊಡಗುತ್ತಾರೆ. ಬಾಲ್ಯದ ಒಂದು ಘಟನೆ, ನೌಕಾದಳದ ದಿನ, ಪ್ರವಾಸದಲ್ಲಿ ತಂಗಿದ ಹೋಟೆಲು, ಜೊತೆಯಲ್ಲಿ ನುಡಿಸಿದ ಯಾವನೋ ಸಂಗೀತಗಾರ—ಹೀಗೆ. ಕಥೆ ಕವಲೊಡೆದು, ಕವಲಿನಲ್ಲಿ ಇನ್ನೊಂದು ಕವಲೊಡೆದು, ಎಲ್ಲಿಗೆ ಹೊರಟಿತೆಂಬುದೇ ಮರೆತುಹೋದಾಗ ತಟಕ್ಕನೆ ಮುಗಿದು ಗಿಟಾರ್ ಆರಂಭವಾಗುತ್ತದೆ. ಸಭೆ ನಗುತ್ತಿರುತ್ತದೆ; ಹೇಳುವವರ ಮುಖದಲ್ಲಿ ನಗೆಯ ಸುಳಿವೂ ಇರುವುದಿಲ್ಲ. ನಮ್ಮ ಹರಿಕಥೆಯಲ್ಲಿ ಉಪಕಥೆಗಳು ಕೊನೆಗೆ ಮೂಲಕಥೆಯನ್ನೇ ಸೇರುತ್ತವೆ, ಇಲ್ಲಿ ಅಂಥ ಕಟ್ಟುಪಾಡಿಲ್ಲ. ಆದರೂ ಮಾತಿನಿಂದ ಸಂಗೀತಕ್ಕೆ, ಸಂಗೀತದಿಂದ ಮಾತಿಗೆ ಹೊರಳುವ ಲಯಜ್ಞಾನ ಎರಡರಲ್ಲೂ ಒಂದೇ. 'ಮೈ ಫಾದರ್ಸ್ ಫೇಸ್' (1989) ಆಲ್ಬಂನ 'ಜ್ಯಾಕ್ ಗೆಟ್ಸ್ ಅಪ್' ಎಂಬುದು ಹಾಡಿಗೂ ಮಾತಿಗೂ ನಡುವಣ ರಚನೆಯಾಗಿದ್ದು, ವೇದಿಕೆಯ ಈ ಮಾತುಗಾರಿಕೆಯ ಪರಿಚಯ ಮಾಡಿಕೊಡುತ್ತದೆ.

ಕ್ರೀಡಾಂಗಣದಂಥ ಬೃಹತ್ ಸ್ಥಳಗಳಿಗಿಂತ ರಂಗಮಂದಿರಗಳೂ ಕಾಲೇಜು ಸಭಾಂಗಣಗಳೂ ಈ ಬಗೆಯ ಕಛೇರಿಗೆ ಹೊಂದುತ್ತವೆ. ಅಮೆರಿಕವಲ್ಲದೆ ಯೂರೋಪ್ ಮತ್ತು ಆಸ್ಟ್ರೇಲಿಯಗಳಲ್ಲಿಯೂ ಅವರು ಪ್ರವಾಸ ಮಾಡಿ ನಿಷ್ಠಾವಂತ ಕೇಳುಗರನ್ನು ಗಳಿಸಿದರು. ಸೇಂಟ್ ಪಾಲ್‌ನಿಂದ ಪ್ರಸಾರವಾಗುತ್ತಿದ್ದ 'ಎ ಪ್ರೇರಿ ಹೋಮ್ ಕಂಪ್ಯಾನಿಯನ್' ಎಂಬ ಜನಪ್ರಿಯ ಬಾನುಲಿ ಕಾರ್ಯಕ್ರಮದಲ್ಲಿ ಹಲವು ಬಾರಿ ಅತಿಥಿಯಾಗಿದ್ದರು. 1990ರ ದಶಕದ ಮೊದಲ ವರ್ಷಗಳಲ್ಲಿ ಜಾಝ್‌ನ ಜೋ ಪಾಸ್, ಫ್ಲಮೆಂಕೊದ ಪಾಕೊ ಪೆನ್ಯ ಮತ್ತು ಶಾಸ್ತ್ರೀಯ ಗಿಟಾರಿನ ಪೆಪೆ ರೊಮೆರೊ ಅವರೊಂದಿಗೆ 'ಗಿಟಾರ್ ಸಮಿಟ್' ಎಂಬ ಕಛೇರಿ ಸರಣಿಯಲ್ಲಿ ಪಾಲ್ಗೊಂಡರು. ಉಳಿದ ಮೂವರಿಗೆ ತಮ್ಮ ತಮ್ಮ ಪರಂಪರೆಯ ಹೆಸರಿತ್ತು. ಕಾಟ್ಕಿಯವರ ಪಾಲಿಗೆ ಅಂಥ ಒಂದು ಹೆಸರು ಸಿದ್ಧವಾಗಿರಲಿಲ್ಲ. ಮಿನೆಸೋಟದ ಸ್ವರಸಂಯೋಜಕ ಸ್ಟೀಫನ್ ಪಾಲಸ್ ಅವರಿಗಾಗಿಯೇ 'ಐಸ್ ಫೀಲ್ಡ್ಸ್' ಎಂಬ ಗಿಟಾರ್ ಮತ್ತು ವಾದ್ಯವೃಂದದ ಕೃತಿಯನ್ನು ರಚಿಸಿದ್ದಾರೆ.

ನಂತರದ ಕೃತಿಗಳು

ಟಿ-ಬೋನ್ ಬರ್ನೆಟ್ 'ಟೈಮ್ ಸ್ಟೆಪ್' (1983) ಮತ್ತು 'ಮೈ ಫಾದರ್ಸ್ ಫೇಸ್' ಆಲ್ಬಂಗಳನ್ನು, ಗಾಯಕಿ ರಿಕಿ ಲೀ ಜೋನ್ಸ್ 'ಪೆಕ್ಯುಲಿಯರೊಸೊ' (1994) ಆಲ್ಬಂ ಅನ್ನು ನಿರ್ಮಿಸಿದರು. 'ಗ್ರೇಟ್ ಬಿಗ್ ಬಾಯ್' (1991) ಹಾಡುಗಳಿಗೇ ಮೀಸಲಾದರೆ, 'ಒನ್ ಗಿಟಾರ್, ನೋ ವೋಕಲ್ಸ್' (1999) ಹೆಸರೇ ಹೇಳುವಂತೆ ಹಾಡಿಲ್ಲದ ಒಂಟಿ ಗಿಟಾರಿನ ಮುದ್ರಿಕೆ. ಮೂವತ್ತು ವರ್ಷಗಳ ಹಿಂದಿನ ಆರ್ಮಡಿಲೊ ಮುದ್ರಿಕೆಯ ಜೊತೆ ಇದನ್ನು ಹೋಲಿಸಿ ಕೇಳಿದರೆ ಬಲಗೈಯ ಬದಲಾವಣೆ ಯಾವ ವಿವರಣೆಯೂ ಇಲ್ಲದೆ ಸ್ಪಷ್ಟವಾಗುತ್ತದೆ. ವಿಸ್ಕಾನ್ಸಿನ್–ಮಿಲ್ವಾಕೀ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ನೀಡಿದೆ.

ಒಂಟಿ ವಾದನವನ್ನೇ ಬದುಕಾಗಿಸಿಕೊಂಡ ಕಾಟ್ಕಿಗೆ ಜೊತೆಗಾರನೊಬ್ಬ ದೊರೆತದ್ದು ತಡವಾಗಿ. ಫಿಶ್ ಎಂಬ ರಾಕ್ ತಂಡದ ಬೇಸ್ ಗಿಟಾರ್ ವಾದಕ ಮೈಕ್ ಗಾರ್ಡನ್, 'ದ ಡ್ರೈವಿಂಗ್ ಆಫ್ ದ ಇಯರ್ ನೇಲ್' ಮುದ್ರಣದ ಮೇಲೆ ತಮ್ಮ ಬೇಸ್ ವಾದನವನ್ನು ಸೇರಿಸಿ ಆ ಟೇಪನ್ನು ಕಾಟ್ಕಿಯವರಿಗೆ ಕೊಟ್ಟರು. ಮೊದಲೇ ಪೂರ್ಣವೆಂದು ಎಲ್ಲರೂ ಒಪ್ಪಿದ್ದ ಕೃತಿಗೆ ಇನ್ನೊಂದು ಧ್ವನಿ ಕೂಡಿಸುವುದು ಸಾಹಸವೇ ಸರಿ. ಆದರೆ ಕಾಟ್ಕಿ ಮೆಚ್ಚಿದರು. ಇಬ್ಬರೂ ಸೇರಿ 'ಕ್ಲೋನ್' (2002), 'ಸಿಕ್ಸ್ಟಿ ಸಿಕ್ಸ್ ಸ್ಟೆಪ್ಸ್' (2005) ಆಲ್ಬಂಗಳನ್ನು ಹೊರತಂದರು. ಇವುಗಳ ನಡುವೆ ಕಾಟ್ಕಿಯವರ 'ಟ್ರೈ ಅಂಡ್ ಸ್ಟಾಪ್ ಮಿ' (2004) ಬಂದಿತು. ಆ ಬಳಿಕ ಹದಿನೈದು ವರ್ಷಗಳ ಕಾಲ ಅವರಿಬ್ಬರ ಹೊಸ ಮುದ್ರಿಕೆ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ, ಸಾಂಕ್ರಾಮಿಕ ರೋಗದಿಂದ ಜಗತ್ತಿನ ಸಭಾಂಗಣಗಳೆಲ್ಲ ಮುಚ್ಚಿದ್ದಾಗ, 'ನೂನ್' ಬಿಡುಗಡೆಯಾಯಿತು. ಅದರಲ್ಲಿ 'ಏಟ್ ಮೈಲ್ಸ್ ಹೈ' ಗೀತೆಯನ್ನು ಕಾಟ್ಕಿ ಮತ್ತೊಮ್ಮೆ ನುಡಿಸಿ ಹಾಡಿದ್ದಾರೆ. 1971ರ ತರುಣನ ಹಾಡಿಗೂ ಆಗ ಎಪ್ಪತ್ತರ ದಶಕದ ನಡುವಯಸ್ಸಿನಲ್ಲಿದ್ದ ಈ ಹಿರಿಯರ ಹಾಡಿಗೂ ರಾಗ ಒಂದೇ, ಬಲಗೈ ಬೇರೆ.